ಕ್ಲಾಸಿಕ್, ಡ್ಯೂಕ್, ಇಂಟರ್‌ಸೆಪ್ಟರ್: ಮುಂದಿನ ಗಾಲಿ ಎದ್ದಾಗ ಯಾವುದು ಹೇಗೆ?

ನನ್ನ ಅಕ್ಕನ ಮಗ ದೀಪಾವಳಿಗೆ ಬೆಳಗಾವಿಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: “ಮಾಮಾ, ಯಾವ ಗಾಡಿ ಲಗೂ ಏಳತೈತಿ?” ಏಳುವುದೆಂದರೆ ಓಡುವ ಗಾಡಿಯ ಮುಂದಿನ ಗಾಲಿ ನೆಲ ಬಿಡುವುದು, ಹುಡುಗರ ಬಾಯಲ್ಲಿ ವೀಲಿಂಗ್. ಹತ್ತೊಂಬತ್ತು ವರ್ಷದವನಿಗೆ ಬೇಡವೆಂದು ಹೇಳಿದರೆ ಅವನು ಬೇರೆಲ್ಲಾದರೂ ಕಲಿತೇ ತೀರುತ್ತಾನೆಂಬುದು ನನಗೆ ಗೊತ್ತಿತ್ತು, ಏಕೆಂದರೆ ಅದೇ ವಯಸ್ಸಿನಲ್ಲಿ ನಾನೂ ಹಾಗೆಯೇ ಕಲಿತವನು. ಆದ್ದರಿಂದ ಉದ್ಯಮಬಾಗದಲ್ಲಿರುವ ನನ್ನ ಲೇತ್ ಘಟಕಕ್ಕೆ ರಜೆಯಿದ್ದ ಬೇರೆ ಬೇರೆ ಮೂರು ದಿನಗಳಲ್ಲಿ, ಪರಿಚಯದವರೊಬ್ಬರ ಗೋದಾಮಿನ ಕಾಂಪೌಂಡಿನೊಳಗಿನ ಕಾಂಕ್ರೀಟ್ ಅಂಗಳದಲ್ಲಿ, ಅವನ ಕಣ್ಣೆದುರೇ ಮೂರು ಭಾರದ ಗಾಡಿಗಳನ್ನು ಎತ್ತಿ ನೋಡಿದೆ. ಒಂದು ನನ್ನದೇ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಉಳಿದೆರಡು, ಅಂದರೆ 2017ರ ಪೀಳಿಗೆಯ ಕೆಟಿಎಂ ಡ್ಯೂಕ್ 390 ಮತ್ತು ರಾಯಲ್ ಎನ್‌ಫೀಲ್ಡಿನದೇ ಇಂಟರ್‌ಸೆಪ್ಟರ್ 650, ಗೆಳೆಯರವು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಮೊಣಕೈ ಮೊಣಕಾಲುಗಳ ರಕ್ಷಾಕವಚ, ಹಿಮ್ಮಡಿ ಮುಚ್ಚುವ ಬೂಟು, ಇವಿಷ್ಟೂ ಇಲ್ಲದೆ ಯಾರೂ ಸೀಟಿನ ಮೇಲೆ ಕೂರಬಾರದೆಂಬುದು ಮೊದಲ ದಿನವೇ ಮಾಡಿಕೊಂಡ ಕರಾರು.

ಗಾಲಿ ಏಳುವುದು ತೋಳಿನ ಬಲದಿಂದಲ್ಲ. ಹ್ಯಾಂಡಲ್ ಎಳೆದು ಎತ್ತಲು ಹೋದವನಿಗೆ ಸೊಂಟ ಹಿಡಿದುಕೊಳ್ಳುತ್ತದೆ, ಅಷ್ಟೇ. ಹಿಂದಿನ ಟೈರಿನ ನೂಕುಬಲ ನೆಲಮಟ್ಟದಲ್ಲಿ ಕೆಲಸ ಮಾಡುತ್ತದೆ, ಗಾಡಿ ಮತ್ತು ಸವಾರನ ಒಟ್ಟು ಗುರುತ್ವಕೇಂದ್ರ ಅದಕ್ಕಿಂತ ಸುಮಾರು ಎರಡು ಅಡಿ ಮೇಲಿರುತ್ತದೆ, ಮೂತಿಯನ್ನು ಮೇಲಕ್ಕೆ ತಿರುಗಿಸುವುದು ಈ ಅಂತರವೇ. ಆ ಕೇಂದ್ರ ನೆಲದಿಂದ 60 ಸೆಂ.ಮೀ. ಎತ್ತರದಲ್ಲೂ, ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ 70 ಸೆಂ.ಮೀ. ಮುಂದೆಯೂ ಇದೆಯೆಂದು ಹಿಡಿದರೆ, ವಸ್ತುವೊಂದು ಮೇಲಿನಿಂದ ಬೀಳುವಾಗ ಪಡೆಯುವ ವೇಗವರ್ಧನೆಗಿಂತ ಆರನೇ ಒಂದು ಪಾಲು ಹೆಚ್ಚಿನ ವೇಗವರ್ಧನೆ ಸಿಕ್ಕರೆ ಮಾತ್ರ ಮುಂದಿನ ಗಾಲಿ ನೆಲ ಬಿಟ್ಟೀತು. ಗಾಡಿಯ ತೂಕ ಎಷ್ಟೇ ಇರಲಿ ಈ ಅನುಪಾತ ಬದಲಾಗುವುದಿಲ್ಲ, ಆದರೆ ತೂಕ ಹೆಚ್ಚಿದಷ್ಟೂ ಅದನ್ನು ಮುಟ್ಟಲು ಎಂಜಿನ್ನಿನಿಂದ ಹೆಚ್ಚು ಬಲ ಬೇಕಾಗುತ್ತದೆ. ಇದನ್ನು ನಾನು ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅಳಿಯ ಆಕಳಿಸುತ್ತ ಕೇಳಿಸಿಕೊಂಡ.

ಮೊದಲ ದಿನ ಕ್ಲಾಸಿಕ್. 349 ಸಿಸಿ, 20 ಅಶ್ವಶಕ್ತಿ, 27 ನ್ಯೂಟನ್ ಮೀಟರ್ ಟಾರ್ಕ್ ಅಂದರೆ ತಿರುಗಿಸುವ ಬಲ, 195 ಕೆಜಿ ತೂಕ. ಬರಿಯ ಆಕ್ಸಿಲರೇಟರ್ ತಿರುವಿದರೆ ಮುಂದಿನ ಗಾಲಿಯನ್ನು ಹಿಡಿದ ಸ್ಪ್ರಿಂಗಿನ ಫೋರ್ಕು ಒಂದಿಷ್ಟು ಉದ್ದವಾಗುತ್ತದೆಯೇ ಹೊರತು ಗಾಲಿ ಕದಲುವುದಿಲ್ಲ. ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರದಲ್ಲಿ, ಅಂದರೆ ಫ್ಲೈವ್ಹೀಲಿನಲ್ಲಿ, ಕೂಡಿಟ್ಟ ಶಕ್ತಿಯನ್ನು ಕ್ಲಚ್ಚಿನ ಮೂಲಕ ಒಮ್ಮೆಲೇ ಬಿಟ್ಟಾಗ ಕೆಸರಿನಿಂದ ಎಮ್ಮೆ ಎದ್ದ ಹಾಗೆ ಒಂದು ಗೇಣು ಎದ್ದು, ಅಷ್ಟೇ ಬೇಗ ಧೊಪ್ಪೆಂದು ಕುಳಿತುಬಿಟ್ಟಿತು. ರೋಮಾಂಚನವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ, ಭಯವೂ ಕಡಿಮೆ. ಬೆಲೆ ತೆತ್ತದ್ದು ಗಾಡಿ. ಹತ್ತು ಸಲ ಎತ್ತುವಷ್ಟರಲ್ಲಿ ಕ್ಲಚ್ ಹಿಡಿಯುವ ಜಾಗ ಲಿವರಿನ ತುದಿಗೆ ಜರುಗಿತ್ತು, ಎಣ್ಣೆ ಬದಲಿಸಿದಾಗ ಸುಟ್ಟ ವಾಸನೆ ಬಂತು, ವಾರದ ನಂತರ ಎಡಗಡೆಯ ಫೋರ್ಕಿನ ನಳಿಗೆಯ ಮೇಲೆ ಎಣ್ಣೆಯ ತೆಳುವಾದ ಉಂಗುರ ಕಾಣಿಸಿಕೊಂಡಿತು. ತಪ್ಪು ಗಾಡಿಯದಲ್ಲ; ಹಾಯಾಗಿ ಊರೂರು ಸುತ್ತಲೆಂದು ಮಾಡಿದ ಗಾಡಿಯನ್ನು ಕುಣಿಸಲು ಹೋದವನು ನಾನು.

ಡ್ಯೂಕಿನದು ತದ್ವಿರುದ್ಧ ಸ್ವಭಾವ. 373 ಸಿಸಿಯ ಒಂಟಿ ಸಿಲಿಂಡರ್, 43 ಅಶ್ವಶಕ್ತಿಯ ಆಸುಪಾಸು, 37 ನ್ಯೂಟನ್ ಮೀಟರ್, ಮೇಲಾಗಿ ಮೂರರಲ್ಲಿ ಅತಿ ಹಗುರವಾದದ್ದೂ ಇದೇ. ಗಾಲಿಗಳ ನಡುವಿನ ಅಂತರವೂ ಕಡಿಮೆ: ಕ್ಲಾಸಿಕ್ಕಿನಲ್ಲಿ 1,390 ಮಿ.ಮೀ. ಇದ್ದರೆ ಇಲ್ಲಿ 1,357. ಮೊದಲನೆಯ ಗೇರಿನಲ್ಲಿ ಎಂಜಿನ್ ಹುರುಪಾದ ಕೂಡಲೇ ಮುಂದಿನ ಗಾಲಿ ಕೇಳದೆಯೇ ಏಳುತ್ತದೆ. ಈ ಗಾಡಿಗೆ ಹಿಂಬದಿಯಲ್ಲಿ ಕಬ್ಬಿಣದ ಪೈಪು ಬಗ್ಗಿಸಿ ಬೆಸುಗೆ ಹಾಕಿದ ‘ಟ್ವೆಲ್ವ್ ಬಾರ್’ ಒಂದನ್ನು ನಾನೇ ಕಟ್ಟಿದ್ದೆ. ಗಾಡಿ ನೆಟ್ಟಗೆ ನಿಂತು ಹಿಂದಕ್ಕೆ ಮಗುಚುವ ಹೊತ್ತಿಗೆ ಮೊದಲು ನೆಲ ಮುಟ್ಟಿ ತಡೆಯುವ ಸಲಾಕೆ ಅದು.

ಐದನೆಯ ಪ್ರಯತ್ನದಲ್ಲಿ ಅದು ಕೆಲಸಕ್ಕೆ ಬಂತು. ಗಾಲಿ ಎದ್ದೊಡನೆ ಮೈ ಹಿಂದಕ್ಕೆ ಜಾರಿತು, ಜಾರಿದ ಮೈಯನ್ನು ಹ್ಯಾಂಡಲಿಗೆ ಜೋತುಬಿದ್ದು ತಡೆಯಲು ಹೋದ ಬಲಗೈ ತನಗರಿಯದೆಯೇ ಆಕ್ಸಿಲರೇಟರನ್ನು ಇನ್ನಷ್ಟು ತಿರುವಿತು, ತಿರುವಿದಷ್ಟೂ ಗಾಡಿ ಮತ್ತೂ ಎದ್ದಿತು. ಈ ಸರಪಳಿಯನ್ನು ಕಡಿಯಲು ಇರುವ ಉಪಾಯ ಹಿಂದಿನ ಬ್ರೇಕ್: ಅದನ್ನು ಮೆಲ್ಲಗೆ ಒತ್ತಿದರೆ ಎದ್ದ ಮೂತಿ ತಾನಾಗಿ ಕೆಳಗಿಳಿಯುತ್ತದೆ. ಮುಂದಿನ ಬ್ರೇಕು ಆ ಹೊತ್ತಿನಲ್ಲಿ ಗಾಳಿಯಲ್ಲಿ ತಿರುಗುವ ಗಾಲಿಯನ್ನು ನಿಲ್ಲಿಸೀತೇ ಹೊರತು ಗಾಡಿಯನ್ನಲ್ಲ. ನನಗೆ ಇದೆಲ್ಲ ಗೊತ್ತಿತ್ತು, ಗೋಡೆಯ ಮೇಲೆ ಬರೆದಿದ್ದೂ ನಾನೇ. ಆದರೆ ಬಲಗಾಲು ಪೆಡಲ್ ಬಿಟ್ಟು ಮೇಲೆ ಹೋಗಿತ್ತು. ಸಲಾಕೆ ಕಾಂಕ್ರೀಟಿಗೆ ಉಜ್ಜಿ ಕಿಡಿ ಹಾರಿತು, ಗಾಡಿ ಬಲಕ್ಕೆ ಮಲಗಿತು, ನನ್ನ ಮಣಿಕಟ್ಟು ಹದಿನೈದು ದಿನ ಊದಿಕೊಂಡಿತು. ಓಡಿ ಬಂದ ಅಳಿಯ ಮೊದಲು ಗಾಡಿಯ ಕೀ ತೆಗೆದು, ಆಮೇಲೆ ನನ್ನತ್ತ ತಿರುಗಿ, “ಮಾಮಾ, ಬ್ರೇಕ್ ಯಾಕ ಒತ್ತಲಿಲ್ಲ?” ಎಂದು ಕೇಳಿದ. ಬೇಗ ಏಳುವ ಗಾಡಿ ಯೋಚಿಸಲು ಬಿಡುವ ಹೊತ್ತು ಎಷ್ಟೆಂದು ಅವನಿಗೆ ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆನಾಗಿದ್ದೆ.

ಇಂಟರ್‌ಸೆಪ್ಟರಿನ ಸರದಿ ಮೂರನೆಯ ರಜಾದಿನ, ಮಣಿಕಟ್ಟು ವಾಸಿಯಾದ ಮೇಲೆ. 648 ಸಿಸಿಯ ಜೋಡಿ ಸಿಲಿಂಡರ್, 47 ಅಶ್ವಶಕ್ತಿ, 52 ನ್ಯೂಟನ್ ಮೀಟರ್, ಇಂಧನವಿಲ್ಲದೆಯೇ 202 ಕೆಜಿ. ನನಗೆ ನಿಜವಾದ ಸುಖ ಕೊಟ್ಟದ್ದು ಇದು. ಕ್ಲಚ್ಚಿನ ನೆರವು ಬೇಕಾದರೂ ಇದು ಡ್ಯೂಕಿನಂತೆ ಚಿಮ್ಮುವುದಿಲ್ಲ. ಭಾರ ಹೆಚ್ಚಿರುವುದರಿಂದ ನಿಧಾನವಾಗಿ, ಒಂದೇ ಹದದಲ್ಲಿ ಏಳುತ್ತದೆ, ಪಾದಕ್ಕೆ ಬ್ರೇಕಿನ ನೆನಪಾಗುವಷ್ಟು ಸಮಯ ಕೊಡುತ್ತದೆ. ಎದೆಯ ಕೆಳಗೆ ಅಷ್ಟು ದೊಡ್ಡ ಕಬ್ಬಿಣದ ರಾಶಿ ತೂಕವನ್ನೇ ಮರೆತಂತೆ ಮೇಲೇಳುವ ಆ ಎರಡು ಸೆಕೆಂಡುಗಳಿಗೆ ಹುಡುಗರು ಏಕೆ ಮರುಳಾಗುತ್ತಾರೆಂದು ನಲವತ್ತು ದಾಟಿದ ನನಗೂ ಅರ್ಥವಾಯಿತು.

ಆದರೆ ಇಳಿಯುವಾಗ ಕಥೆ ಬೇರೆ. ಗಾಡಿಯ ಅರ್ಧ ಭಾರ ಮುಂದಿನ ಗಾಲಿಯದೆಂದು ಹಿಡಿದರೂ, ಎರಡು ಸಿಮೆಂಟ್ ಚೀಲಗಳನ್ನು ಮೊಣಕಾಲೆತ್ತರದಿಂದ ಕೈಬಿಟ್ಟಂತಾಗುತ್ತದೆ. ಆ ಹೊಡೆತವನ್ನು ಫೋರ್ಕು, ಅದರ ಸೀಲು, ಹ್ಯಾಂಡಲಿನ ಬುಡದ ಬೇರಿಂಗು (ಕೋನ್ ಸೆಟ್) ಹಾಗೂ ಸವಾರನ ಮಣಿಕಟ್ಟು ಹಂಚಿಕೊಳ್ಳಬೇಕು. ಹ್ಯಾಂಡಲ್ ಒಂದಿಷ್ಟು ಓರೆಯಾಗಿರುವಾಗ ಗಾಲಿ ನೆಲಕ್ಕೆ ಬಿದ್ದರೆ ಅದು ಎಡಕ್ಕೂ ಬಲಕ್ಕೂ ಬಡಿದಾಡತೊಡಗುತ್ತದೆ. ನನಗೆ ಒಮ್ಮೆ ಹಾಗಾದಾಗ ಗಾಡಿ ನೆಟ್ಟಗಾಗುವಷ್ಟರಲ್ಲಿ ಅಂಗಳದ ಗೋಡೆ ನಾಲ್ಕು ಮಾರು ದೂರದಲ್ಲಿತ್ತು. ಹಿಂದಿನ ಗಾಲಿ ಓಡುತ್ತ ಮುಂದಿನದು ಗಾಳಿಯಲ್ಲಿ ನಿಧಾನವಾದದ್ದರಿಂದ ಗೊಂದಲಗೊಂಡ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ, ತನ್ನ ದೀಪ ಹೊತ್ತಿಸಿಕೊಂಡು ಕುಳಿತಿತು, ಕೀ ತೆಗೆದು ಹಾಕಿ ಒಂದಿಷ್ಟು ಓಡಿಸಿದ ಮೇಲಷ್ಟೇ ಆರಿತು. ಎರಡೂ ಬದಿಗೆ ಉದ್ದನೆಯ ಸೈಲೆನ್ಸರ್ ಇರುವ ಈ ಗಾಡಿಗೆ ನನ್ನ ಸಲಾಕೆ ಕೂರಲಿಲ್ಲವಾದ್ದರಿಂದ ಹೆಚ್ಚು ಎತ್ತರಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ಹೆಚ್ಚು ಹೊತ್ತು ಮೂತಿ ಮೇಲಿದ್ದರೆ ಎಂಜಿನ್ನಿನ ಎಣ್ಣೆ ಹಿಂದಕ್ಕೆ ಸರಿದು ಪಂಪಿಗೆ ಸಿಗದೇ ಹೋಗುವ ಭಯವೂ ಇತ್ತು, ಅದೂ ಬೇರೆಯವರ ಗಾಡಿಯಲ್ಲಿ.

ಅಂದು ಸಂಜೆ, ಗಾಡಿ ಆರಿಸಿಟ್ಟು, ಇಂಟರ್‌ಸೆಪ್ಟರಿನ ಮುಂದಿನ ಗಾಲಿಯನ್ನು ಲಾರಿಗೆ ಮಾಲು ತುಂಬುವ ಕಟ್ಟೆಯ ಮೇಲೇರಿಸಿ, ಇಬ್ಬರು ಹಮಾಲರಿಂದ ಗಟ್ಟಿಯಾಗಿ ಹಿಡಿಸಿ, ಅಳಿಯನನ್ನು ಸೀಟಿನ ಮೇಲೆ ಕೂರಿಸಿದೆ. ಕಟ್ಟೆಯ ಮೇಲೆ, ಗಾಡಿಯ ನೇರಕ್ಕೆ, ಹತ್ತು ಹೆಜ್ಜೆ ಆಚೆಗೆ ಒಂದು ಕೆಂಪು ಬಕೆಟ್ ಇಟ್ಟು “ಏನು ಕಾಣುತ್ತದೆ?” ಎಂದೆ. ಪೆಟ್ರೋಲ್ ಟ್ಯಾಂಕು, ಮೀಟರಿನ ಎರಡು ದುಂಡು ಮುಖಗಳು, ಆಮೇಲೆ ತಗಡಿನ ಚಾವಣಿ. ಬಕೆಟ್ ಕಾಣಲಿಲ್ಲ. ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರುಗಳು ಆ ಬಕೆಟ್ಟಿನ ಜಾಗದಲ್ಲಿರುತ್ತವೆಂದು ನಾನು ಹೇಳುವ ಮೊದಲೇ ಅವನು ಇಳಿದುಬಿಟ್ಟ.

ಕಾನೂನಿನ ಮಾತು ಚಿಕ್ಕದು. ರಸ್ತೆಯಲ್ಲಿ ಇದನ್ನು ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಓಡಿಸಿದವನು ಅಪ್ರಾಪ್ತನಾಗಿದ್ದರೆ ಪಾಲಕರೂ ಸಿಕ್ಕಿಬೀಳುತ್ತಾರೆ.

ನನ್ನನ್ನು ಕೇಳಿದರೆ ದಿನದ ಓಡಾಟಕ್ಕೆ ಕ್ಲಾಸಿಕ್, ದೂರದ ಪ್ರಯಾಣಕ್ಕೆ ಇಂಟರ್‌ಸೆಪ್ಟರ್ ಕೊಳ್ಳಬಹುದು. ಮುಚ್ಚಿದ ಅಂಗಳದಲ್ಲಿ ಎತ್ತುವುದನ್ನು ಕಲಿಯಲೇಬೇಕೆಂಬ ಹಟವಿದ್ದವನಿಗೆ ಮೂರೂ ಬೇಡ, ಹಳೆಯ 150 ಸಿಸಿ ಗಾಡಿಯೊಂದು ಸಾಕು, ಅದು ಮೈಮೇಲೆ ಬಿದ್ದರೂ ತಳ್ಳಿ ಎದ್ದೇಳಬಹುದು. ಅಳಿಯ ಸದ್ಯ ಅಂಥದ್ದೊಂದನ್ನು ಹುಡುಕುತ್ತಿದ್ದಾನೆ. ಸಿಕ್ಕರೆ ಸಲಾಕೆ ಕಟ್ಟಲು ಹಿಂದಿನ ಚಾಸಿಯ ಅಳತೆ ಕಳಿಸೆಂದು ಹೇಳಿದ್ದೇನೆ. ಡ್ಯೂಕಿನಿಂದ ಬಿಚ್ಚಿದ ಹಳೆಯ ಸಲಾಕೆ, ಒಂದು ಕಡೆ ಬೆಳ್ಳಗೆ ಸವೆದು, ಲೇತಿನ ಹಿಂದಿನ ಮೊಳೆಗೆ ನೇತಾಡುತ್ತಿದೆ.