ಆಯಸ್ಸು ಹೆಚ್ಚಿಸುವ ಕ್ಯಾಪ್ಸೂಲ್: ಚೀಟಿಯಲ್ಲಿ ಇಲ್ಲದ ಮೂರನೇ ಗೆರೆ

ದ್ರಾಕ್ಷಿ ಸಿಪ್ಪೆಯಲ್ಲಿ ಇರುವ ರೆಸ್ವೆರಟ್ರಾಲ್ ಅನ್ನುವ ವಸ್ತುವಿನ ಕ್ಯಾಪ್ಸೂಲ್ ಆರು ತಿಂಗಳು ತಗೊಂಡ ಮೇಲೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಇಂಥ ಡಬ್ಬಿ ಮಾರುವವರು ತುಂಬಾ ಜನ ಇದ್ದಾರೆ, ಎಲ್ಲರೂ ಹೇಳೋದು ಹೆಚ್ಚು ಕಡಿಮೆ ಒಂದೇ. ನನ್ನ ಕಡೆಯಿಂದ 5ಕ್ಕೆ 1 ಸ್ಟಾರ್. ಹೇಳಿದ ದಿನಕ್ಕೆ ಬಂತು, ಹೊಟ್ಟೆಗೆ ತೊಂದರೆ ಆಗಲಿಲ್ಲ, ಆ ಒಂದು ಅದಕ್ಕೆ.

ನಾನು ಇದನ್ನು ತರಿಸಿದ್ದು ಅಪ್ಪನಿಗೂ ಸೇರಿಸಿ. ಅವರಿಗೆ ಎಪ್ಪತ್ತು ದಾಟಿದೆ, ಇನ್ನೂ ಹತ್ತು ವರ್ಷ ಚೆನ್ನಾಗಿ ಓಡಾಡಿಕೊಂಡಿರಲಿ ಅನ್ನುವ ಆಸೆ. ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇತ್ತು. ಅದರಲ್ಲೊಂದು ಗ್ರಾಫ್, ದಿನ ಕಳೆದ ಹಾಗೆ ಎಷ್ಟು ಇಲಿ ಬದುಕಿ ಉಳಿದವು ಅಂತ ತೋರಿಸುವ ಎರಡು ಗೆರೆ. ಕಪ್ಪು ಗೆರೆ ಬೇಗ ಕೆಳಗಿಳಿಯುತ್ತದೆ, ಕೆಂಪು ಗೆರೆ ನಿಧಾನಕ್ಕೆ ಇಳಿಯುತ್ತದೆ. ಇಲಿಗಳ ಆಯಸ್ಸು ಹೆಚ್ಚಿದ್ದು ಸಾಬೀತಾಗಿದೆ ಅಂತ ಕೆಳಗೆ ದಪ್ಪ ಅಕ್ಷರದಲ್ಲಿತ್ತು. ನಾನು ನಂಬಿದೆ.

ಆಮೇಲೆ ಒಂದು ರಾತ್ರಿ ಕೂತು ಆ ಅಧ್ಯಯನವನ್ನೇ ಹುಡುಕಿ ಓದಿದೆ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು, ಸುಳ್ಳೇನಲ್ಲ. ಆದರೆ ಅಲ್ಲಿನ ಗ್ರಾಫ್‌ನಲ್ಲಿ ಗೆರೆ ಎರಡಲ್ಲ, ಮೂರು! ಒಂದು ವರ್ಷ ವಯಸ್ಸಿನ ಇಲಿಗಳಿಗೆ ಕ್ಯಾಲೊರಿಯಲ್ಲಿ 60% ಕೊಬ್ಬಿನಿಂದಲೇ ಬರುವಂಥ ಆಹಾರ ಹಾಕಿದ್ದರು. ಅದನ್ನು ತಿಂದು ದಪ್ಪಗಾಗಿ ಬೇಗ ಸತ್ತ ಇಲಿಗಳದ್ದು ಆ ಕಪ್ಪು ಗೆರೆ. ಅದೇ ಆಹಾರದ ಜೊತೆ ರೆಸ್ವೆರಟ್ರಾಲ್ ತಿಂದವುಗಳದ್ದು ಕೆಂಪು ಗೆರೆ. ಚೀಟಿಯವರು ಬಿಟ್ಟ ಮೂರನೆಯದು ಮಾಮೂಲಿ ಆಹಾರ ತಿಂದ ಇಲಿಗಳದ್ದು. 114 ವಾರ ಆಗುವಷ್ಟರಲ್ಲಿ ಕೊಬ್ಬಿನ ಆಹಾರ ಮಾತ್ರ ತಿಂದವುಗಳಲ್ಲಿ 58% ಸತ್ತಿದ್ದವು, ರೆಸ್ವೆರಟ್ರಾಲ್ ತಿಂದವುಗಳಲ್ಲಿ 42%, ಮಾಮೂಲಿ ಆಹಾರದವುಗಳಲ್ಲೂ 42%. ಅಂದರೆ ಆ ಪುಡಿ ಮಾಡಿದ್ದು ಕೆಟ್ಟ ಆಹಾರದ ಪೆಟ್ಟನ್ನು ತಡೆದದ್ದು. ಅದೂ ದೊಡ್ಡ ವಿಷಯವೇ. ಆದರೆ ನನ್ನ ಅಪ್ಪ ಸಣ್ಣಗಿದ್ದಾರೆ, ಹಿತಮಿತವಾಗಿ ಉಣ್ಣುತ್ತಾರೆ. ಅವರಿಗೆ ಇದರಿಂದ ಏನು ಸಿಗಬೇಕಿತ್ತು?

ಇದಕ್ಕೂ ಉತ್ತರ ಸಿಕ್ಕಿತು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ ಇದಕ್ಕಂತಲೇ ಇಂಟರ್ವೆನ್ಷನ್ಸ್ ಟೆಸ್ಟಿಂಗ್ ಪ್ರೋಗ್ರಾಂ ಅಂತ ಒಂದು ಯೋಜನೆ ನಡೆಸುತ್ತದೆ, ಐಟಿಪಿ ಅಂತಾರೆ. ಜಾಕ್ಸನ್ ಲ್ಯಾಬೊರೇಟರಿ, ಮಿಷಿಗನ್ ವಿಶ್ವವಿದ್ಯಾಲಯ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ, ಈ ಮೂರು ಕಡೆ ಒಂದೇ ಪ್ರಯೋಗ ಒಟ್ಟಿಗೆ ನಡೆಯುತ್ತದೆ. ಇಲಿಗಳೂ ಒಂದೇ ಅಚ್ಚಿನವಲ್ಲ, ನಾಲ್ಕು ತಳಿ ಬೆರೆಸಿ ಹುಟ್ಟಿಸಿದ ಯುಎಂ-ಹೆಟ್3 ಇಲಿಗಳು, ಅಣ್ಣತಮ್ಮಂದಿರ ಹಾಗೆ ಒಂದೊಂದೂ ಬೇರೆ ಬೇರೆ. ಮಾಮೂಲಿ ಆಹಾರದಲ್ಲಿ ರೆಸ್ವೆರಟ್ರಾಲ್ ಬೆರೆಸಿ ಕೊಟ್ಟು ನೋಡಿದರು. 12 ತಿಂಗಳ ವಯಸ್ಸಿಗೆ ಶುರು ಮಾಡಿದ್ದರ ಫಲಿತಾಂಶ 2011ರಲ್ಲಿ, 4 ತಿಂಗಳಿಗೇ ಶುರು ಮಾಡಿದ್ದರದ್ದು 2013ರಲ್ಲಿ ಬಂತು. ಎರಡು ಸಲವೂ ಆಯಸ್ಸು ಹೆಚ್ಚಲಿಲ್ಲ. ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀ ಸಾರಕ್ಕೂ ಇದೇ ಗತಿ. ಈಗ ಜೋರಾಗಿ ಮಾರಾಟ ಆಗುತ್ತಿರುವ, ವಿಟಮಿನ್ ಬಿ3ಯ ಒಂದು ರೂಪವಾದ ನಿಕೋಟಿನಮೈಡ್ ರೈಬೋಸೈಡ್ ಕೂಡ 2021ರಲ್ಲಿ ಪಾಸಾಗಲಿಲ್ಲ. ಆಗಲಿಲ್ಲ ಅನ್ನುವುದನ್ನೂ ಅವರು ಮುಚ್ಚಿಡದೆ ಪ್ರಕಟಿಸುತ್ತಾರೆ, ನನಗೆ ಇಷ್ಟವಾದದ್ದು ಅದೇ.

ಹಾಗಂತ ಇಲಿಗಳ ಆಯಸ್ಸು ಹೆಚ್ಚೋದೇ ಇಲ್ಲ ಅಂದುಕೊಳ್ಳಬೇಡಿ, ಹೆಚ್ಚುತ್ತದೆ. ಐಟಿಪಿಯವರೇ ಪರೀಕ್ಷಿಸಿದ ರಪಾಮೈಸಿನ್ ಕಥೆ ಕೇಳಿ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧಿ ಅದು. ಆಹಾರದಲ್ಲಿ ಹಾಗೇ ಬೆರೆಸಿದರೆ ಹಾಳಾಗುತ್ತಿತ್ತು, ಹಾಗಾಗಿ ಕರುಳು ತಲುಪುವ ತನಕ ಉಳಿಯುವಂಥ ಸಣ್ಣ ಕವಚ ಮಾಡಬೇಕಾಯಿತು. ಆ ಕವಚ ಸಿದ್ಧವಾಗುವಷ್ಟರಲ್ಲಿ ಇಲಿಗಳಿಗೆ 600 ದಿನ ಆಗಿಹೋಗಿತ್ತು, ನಮ್ಮ ಲೆಕ್ಕದಲ್ಲಿ ಸುಮಾರು ಅರವತ್ತು ವರ್ಷ. ಆದರೂ ಕೊಟ್ಟರು. ನೂರಕ್ಕೆ ತೊಂಬತ್ತು ಇಲಿ ಸಾಯುವ ವಯಸ್ಸು ಹೆಣ್ಣುಗಳಲ್ಲಿ 14%, ಗಂಡುಗಳಲ್ಲಿ 9% ಮುಂದಕ್ಕೆ ಹೋಯಿತು! 2009ರ ಈ ಫಲಿತಾಂಶ ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಅರವತ್ತಾದ ಮೇಲೂ ತಡವಾಗಿಲ್ಲ ಅಂತಾಯಿತಲ್ವಾ. ಸಕ್ಕರೆ ಕಾಯಿಲೆಯ ಮಾತ್ರೆ ಅಕಾರ್ಬೋಸ್ ಗಂಡು ಇಲಿಗಳ ನಡು ಆಯಸ್ಸನ್ನು, ಅಂದರೆ ಅರ್ಧದಷ್ಟು ಇಲಿ ಸಾಯುವ ವಯಸ್ಸನ್ನು, 22% ಹೆಚ್ಚಿಸಿತು, ಹೆಣ್ಣುಗಳಿಗೆ ಬರೀ 5%. ಯಾಕೆ ಇಷ್ಟು ವ್ಯತ್ಯಾಸ ಅನ್ನೋದೇ ಇನ್ನೊಂದು ದೊಡ್ಡ ಹುಡುಕಾಟ.

ಇದನ್ನು ಓದಿ ರಪಾಮೈಸಿನ್ ಹುಡುಕಿಕೊಂಡು ಹೋಗಬೇಡಿ, ದಯವಿಟ್ಟು. ಕಿಡ್ನಿ ಕಸಿ ಆದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧಿ ಅದು. ಇಲಿಗಳಲ್ಲೇ ಕಣ್ಣಿನ ಪೊರೆ ಜಾಸ್ತಿಯಾಯಿತು, ಗಂಡುಗಳ ವೃಷಣ ಕುಗ್ಗಿದವು. ಮತ್ತೆ ಈ ಇಲಿಗಳು ಹೆಚ್ಚಿನಂಶ ಸಾಯುವುದು ಕ್ಯಾನ್ಸರ್‌ನಿಂದ, ನಮ್ಮಲ್ಲಿ ಹೃದಯದ ಕಾಯಿಲೆಯಿಂದ ಹೋಗುವವರೂ ತುಂಬಾ. ಇಲಿಗೆ ಆದದ್ದು ನಮಗೂ ಆಗುತ್ತದೆ ಅಂತ ಸುಮ್ನೆ ಹೇಳಲು ಬರುವುದಿಲ್ಲ.

ಈಗ ಇಲಿ ತೋರಿಸಿ ಏನೇ ಮಾರಲಿ, ನಾನು ಮೊದಲು ನೋಡೋದು ಔಷಧಿ ತಿನ್ನದ ಇಲಿಗಳು ಎಷ್ಟು ದಿನ ಬದುಕಿದವು ಅಂತ. ಚೆನ್ನಾಗಿ ಸಾಕಿದ ಇಲಿ ಎರಡು, ಎರಡೂವರೆ ವರ್ಷ ಬದುಕುತ್ತದೆ. ಅವೇ ಬೇಗ ಸತ್ತಿದ್ದರೆ ಯಾವ ಪುಡಿ ಬೇಕಾದರೂ ಅಮೃತದ ಹಾಗೆ ಕಾಣುತ್ತದೆ.

ಮೂರನೇ ಗೆರೆ ಯಾಕೆ ತೆಗೆದಿರಿ ಅಂತ ಕಂಪನಿಗೆ ಎರಡು ಸಲ ಬರೆದೆ. ಸಂಶೋಧನೆ ಆಧಾರಿತ ಉತ್ಪನ್ನ ಅನ್ನುವ ಅದೇ ಉತ್ತರ ಎರಡು ಸಲವೂ ಬಂತು. ತೆರೆಯದ ಡಬ್ಬಿಗಳನ್ನು ವಾಪಸ್ ಕಳಿಸಿದ್ದೇನೆ. ಚೀಟಿ ಮಾತ್ರ ಇಟ್ಟುಕೊಂಡಿದ್ದೇನೆ, ಅದರ ಮೇಲೆ ಮೂರನೇ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದು ಅಪ್ಪನಿಗೆ ತೋರಿಸಿದೆ. ಕೆಂಪು ಗೆರೆಗೆ ಅಂಟಿಕೊಂಡ ಹಾಗೇ ಹೋಗುತ್ತದೆ ಅದು.