ಸಿಇಟಿ, ಕಾಮೆಡ್-ಕೆ, ಜೆಇಇ: ಎಂಜಿನಿಯರಿಂಗ್ ಸೀಟಿಗೆ ಯಾವುದರ ಮೇಲೆ ಎಷ್ಟು ಬೆವರು ಸುರಿಸಬೇಕು?

ಎರಡನೇ ಪಿಯುನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದುವ ಮಕ್ಕಳು ಬಹುಮಟ್ಟಿಗೆ ಈ ಮೂರೂ ಪ್ರವೇಶ ಪರೀಕ್ಷೆಗಳಿಗೆ ಅರ್ಜಿ ಹಾಕಿಬಿಡುತ್ತಾರೆ. ಹಾಕುವುದರಲ್ಲಿ ತಪ್ಪೇನಿಲ್ಲ. ಆದರೆ ಮೂರಕ್ಕೂ ಒಂದೇ ಥರ ಓದಿ, ಮೂರರ ಆಪ್ಷನ್ ಪಟ್ಟಿಯನ್ನೂ (ಬೇಕಾದ ಕಾಲೇಜು–ಬ್ರಾಂಚುಗಳ ಪಟ್ಟಿ) ಒಂದೇ ಥರ ತುಂಬಿದರೆ ಸಿಗಬೇಕಾದ ಸೀಟು ಕೈತಪ್ಪುತ್ತದೆ. ಮಕ್ಕಳನ್ನು ಮೂರಕ್ಕೂ ತಯಾರು ಮಾಡಿ, ಅರ್ಜಿಯಿಂದ ಅಡ್ಮಿಷನ್ ಆರ್ಡರ್‌ವರೆಗೆ ಜೊತೆಗೆ ಕೂತು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಕರ್ನಾಟಕದಲ್ಲೇ ಓದಿದವರಿಗೆ ರಾಜ್ಯ ಸರ್ಕಾರದ ಸಿಇಟಿಯೇ ಬುನಾದಿ. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ, ದುಪ್ಪಟ್ಟು ಫೀಸು ಕಟ್ಟಲು ಮನೆಯವರು ಒಪ್ಪಿದ್ದರೆ ಮಾತ್ರ. ರಾಷ್ಟ್ರಮಟ್ಟದ ಜೆಇಇ, ಸುರತ್ಕಲ್‌ನ ಎನ್‌ಐಟಿಯಂಥ ಕಡೆ ನಿಜವಾಗಿಯೂ ಕಣ್ಣಿಟ್ಟವರಿಗೆ.

ಮೊದಲು ಗಡಿಯಾರ ನೋಡಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್. ಕಾಮೆಡ್-ಕೆಯಲ್ಲಿ ಮೂರೂ ವಿಷಯ ಸೇರಿ 180 ಪ್ರಶ್ನೆ, 180 ನಿಮಿಷ, ಒಂದೇ ಕೂರುವಿಕೆಯಲ್ಲಿ. ಪ್ರಶ್ನೆಗೆ 60 ಸೆಕೆಂಡ್. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ಅಂದರೆ ಪ್ರಶ್ನೆಗೆ 2 ನಿಮಿಷ 24 ಸೆಕೆಂಡ್. ಜೆಇಇಗೆ ತಯಾರಾದವರಿಗೆ ಸಿಇಟಿ ಸಲೀಸು ಅನ್ನುವ ಮಾತು ಕೋಚಿಂಗ್ ಸೆಂಟರ್‌ಗಳಲ್ಲಿ ಓಡಾಡುತ್ತದೆ. ವಿಷಯದ ಮಟ್ಟಿಗೆ ಅದು ನಿಜ, ವೇಗದ ಮಟ್ಟಿಗೆ ಅಲ್ಲ. ಒಂದು ಲೆಕ್ಕಕ್ಕೆ ಮೂರು ನಿಮಿಷ ತೆಗೆದುಕೊಂಡು ರೂಢಿಯಾದ ಮಕ್ಕಳು ಕಾಮೆಡ್-ಕೆಯ ಗಣಿತದಲ್ಲಿ ಅರ್ಧ ಪ್ರಶ್ನೆಗಳನ್ನು ದಾಟುವ ಮುಂಚೆಯೇ ಸಮಯ ಮುಗಿದಿರುತ್ತದೆ. ಕಾಮೆಡ್-ಕೆಗೆ ನಾವು ಹೇಳಿಕೊಡುವ ಕ್ರಮ: ರಸಾಯನಶಾಸ್ತ್ರ 40 ನಿಮಿಷ, ಭೌತಶಾಸ್ತ್ರ 55, ಗಣಿತ 75, ಉಳಿದ 10 ನಿಮಿಷ ಬಿಟ್ಟ ಪ್ರಶ್ನೆಗಳಿಗೆ. ಸಿಇಟಿ, ಕಾಮೆಡ್-ಕೆ ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಜೆಇಇಯಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಅಲ್ಲಿ ಕುರುಡು ಊಹೆ ಬೇಡ.

ಸಿಇಟಿ ಇನ್ನೂ ಓಎಂಆರ್ ಹಾಳೆಯ ಪರೀಕ್ಷೆ. ಒಂದು ವೃತ್ತವನ್ನು ಪೆನ್ನಿನಲ್ಲಿ ಪೂರ್ತಿ ತುಂಬಲು ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ, ಅರವತ್ತಕ್ಕೆ ಐದು ನಿಮಿಷ. ಎಲ್ಲವನ್ನೂ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದು ಬಿಟ್ಟವರು ಗಡಿಬಿಡಿಯಲ್ಲಿ ಒಂದು ಸಾಲು ಜಾರಿಸುತ್ತಾರೆ. 23ರ ಉತ್ತರ 24ಕ್ಕೆ ಬಿದ್ದರೆ ಅಲ್ಲಿಂದ ಕೆಳಗಿನದೆಲ್ಲ ತಪ್ಪು, ಪೆನ್ನಿನ ಗುರುತು ಅಳಿಸಲು ಬರುವುದೂ ಇಲ್ಲ. ಹತ್ತು ಪ್ರಶ್ನೆ ಬಿಡಿಸಿ, ಹತ್ತು ವೃತ್ತ ತುಂಬಿ, ಸಂಖ್ಯೆ ಜೋರಾಗಿಯಲ್ಲದಿದ್ದರೂ ತುಟಿಯಲ್ಲೇ ಹೇಳಿಕೊಂಡು ಮುಂದೆ ಹೋಗುವುದು ಸುರಕ್ಷಿತ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಬರೆದು ತುಂಬುವುದನ್ನು ಮೊದಲ ಪ್ರಶ್ನೆಗೂ ಮುಂಚೆ ಮುಗಿಸಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಪುಸ್ತಕದಲ್ಲಿ ಟಿಕ್ ಹಾಕುವ ಬದಲು ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿ ಅದರಲ್ಲೇ ತುಂಬಿ. ಕಾಮೆಡ್-ಕೆ ಮತ್ತು ಜೆಇಇ ಕಂಪ್ಯೂಟರಿನಲ್ಲಿ. ಹಳ್ಳಿ ಕಡೆಯ ಮಕ್ಕಳಿಗೆ ಮೌಸ್ ಹಿಡಿದು ಪ್ರಶ್ನೆಯಿಂದ ಪ್ರಶ್ನೆಗೆ ಹಾರುವ ರೂಢಿ ಇಲ್ಲದಿದ್ದರೆ ಆನ್‌ಲೈನ್ ಮಾಕ್ ಟೆಸ್ಟನ್ನು ಮೊಬೈಲಿನಲ್ಲಲ್ಲ, ಕಾಲೇಜಿನ ಲ್ಯಾಬಿನಲ್ಲಿ ಕೂರಿಸಿ ಮಾಡಿಸಬೇಕು.

ಹಳೆಯ ಸಿಇಟಿ ಪ್ರಶ್ನೆಪತ್ರಿಕೆ ಬಿಡಿಸುವಾಗ ಪಠ್ಯದಿಂದ ಕೈಬಿಟ್ಟ ಅಧ್ಯಾಯಗಳನ್ನು ಮೊದಲೇ ಹೊಡೆದುಹಾಕಿ. 2024ರಲ್ಲಿ ಪಠ್ಯಕ್ರಮದಾಚೆಯ ಪ್ರಶ್ನೆಗಳು ಬಂದು ಗದ್ದಲವಾಗಿ, ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಬೇಕಾಯಿತು. ಆ ವರ್ಷದ ಪತ್ರಿಕೆಯನ್ನು ಹಾಗೇ ಬಿಡಿಸಿ ಅಂಕ ಕಮ್ಮಿ ಬಂತೆಂದು ಕಂಗೆಡುವ ಮಕ್ಕಳಿದ್ದಾರೆ.

ಈಗ ರ‍್ಯಾಂಕಿನ ಲೆಕ್ಕ. ಕಾಮೆಡ್-ಕೆಗೆ ಪ್ರವೇಶ ಪರೀಕ್ಷೆಯ ಅಂಕವಷ್ಟೇ ಮುಖ್ಯ. ಪಿಯು ಅಂಕ ಅರ್ಹತೆಗೆ ಮಾತ್ರ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ದ್ವಿತೀಯ ಪಿಯು ಪಿಸಿಎಂ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಒಬ್ಬಳಿಗೆ ಪಿಯುನಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 81 ಅನ್ನಿ. 95 ಮತ್ತು 45ರ ಸರಾಸರಿ 70. ಇನ್ನೊಬ್ಬನಿಗೆ ಪಿಯುನಲ್ಲಿ 246, ಸಿಇಟಿಯಲ್ಲಿ 117. 82 ಮತ್ತು 65ರ ಸರಾಸರಿ 73.5. ಪಿಯುನಲ್ಲಿ 39 ಅಂಕ ಹಿಂದಿದ್ದವನು ಮುಂದೆ ಹೋದ. ಪಿಯುನ ಒಂದು ಅಂಕ ಒಟ್ಟು ಶೇಕಡದಲ್ಲಿ 0.17 ಕೊಟ್ಟರೆ ಸಿಇಟಿಯ ಒಂದು ಅಂಕ 0.28 ಕೊಡುತ್ತದೆ. ಹಾಗಂತ ಬೋರ್ಡ್ ಪರೀಕ್ಷೆ ಬಿಟ್ಟು ಎಂಸಿಕ್ಯೂ (ಬಹುಆಯ್ಕೆ ಪ್ರಶ್ನೆ) ಮಾತ್ರ ಉಜ್ಜಿದರೂ ನಡೆಯುವುದಿಲ್ಲ, ಏಕೆಂದರೆ ಪಿಯುನಲ್ಲಿ 90ರಿಂದ 95ಕ್ಕೆ ಏರುವುದು ಸಿಇಟಿಯಲ್ಲಿ 50ರಿಂದ 55ಕ್ಕೆ ಏರಿದಷ್ಟೇ ಬೆಲೆಬಾಳುತ್ತದೆ. ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಬೋರ್ಡ್, ಆಮೇಲೆ ಸಿಗುವ ವಾರಗಳು ಪೂರ್ತಿ ಸಿಇಟಿಗೆ. ಸಿಬಿಎಸ್‌ಇ, ಐಎಸ್‌ಸಿ ಓದಿದವರು ಹನ್ನೆರಡನೇ ತರಗತಿಯ ಅಂಕವನ್ನು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ತಾವೇ ನಮೂದಿಸಬೇಕು. ಮರೆತರೆ ಸಿಇಟಿ ಅಂಕ ಇದ್ದರೂ ಎಂಜಿನಿಯರಿಂಗ್ ರ‍್ಯಾಂಕ್ ಬರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಮುಚ್ಚುಮರೆ ಬೇಡ. ಹೆಚ್ಚಿನ ಖಾಸಗಿ ಕಾಲೇಜುಗಳಲ್ಲಿ ಸೀಟು ಹಂಚಿಕೆ ಹೀಗಿದೆ: 45 ಭಾಗ ಸರ್ಕಾರದ ಕೋಟಾ, 30 ಭಾಗ ಕಾಮೆಡ್-ಕೆ, 25 ಭಾಗ ಮ್ಯಾನೇಜ್‌ಮೆಂಟ್. ಪಾಠ ಮಾಡುವವರು ಅವರೇ, ಲ್ಯಾಬ್ ಅದೇ, ಪದವಿ ಪತ್ರದಲ್ಲಿ ಕೋಟಾದ ಹೆಸರೂ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು, ಕಾಮೆಡ್-ಕೆ ಸೀಟಿಗೆ ಎರಡರಿಂದ ಎರಡೂವರೆ ಲಕ್ಷದ ಆಸುಪಾಸು. ನಾಲ್ಕು ವರ್ಷಕ್ಕೆ ನಾಲ್ಕರಿಂದ ಆರು ಲಕ್ಷದ ವ್ಯತ್ಯಾಸ. ಕಾಲೇಜಿನವರು ‘ಇತರೆ ಶುಲ್ಕ’ ಎಂದು ಸೇರಿಸುವುದು ಬೇರೆ. ಖಾಸಗಿ ವಿಶ್ವವಿದ್ಯಾಲಯಗಳ ಕೋಟಾ, ಫೀಸು ಎರಡೂ ಬೇರೆ ಲೆಕ್ಕ, ಅವನ್ನು ಇದರೊಳಗೆ ಬೆರೆಸಬೇಡಿ.

ಬಹಳ ಜನ ಗಮನಿಸದ ಒಂದು ಸಂಗತಿ ಸಿಇಟಿ ಪಟ್ಟಿಯಲ್ಲೇ ಇದೆ. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲ್ನಾಡ್, ಬಾಗಲಕೋಟೆಯ ಬಸವೇಶ್ವರ ಇಂಥ ಹಳೆಯ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಕೆಲವು ಹಳೆಯ ವಿಭಾಗಗಳು ಅನುದಾನಿತ, ಅಂದರೆ ಸರ್ಕಾರದ ನೆರವು ಪಡೆಯುವಂಥವು. ಒಂದೇ ಕಾಲೇಜಿನ ಹೆಸರು ಎರಡು ಕೋಡ್‌ಗಳಲ್ಲಿ ಕಾಣಿಸಿದರೆ ಒಂದು ಬಹುಮಟ್ಟಿಗೆ ಅನುದಾನಿತ ಸೀಟು ಎಂದು ಅರ್ಥ. ಅದರ ಫೀಸು ಖಾಸಗಿ ಸೀಟಿನ ಅರ್ಧಕ್ಕಿಂತ ಕಡಿಮೆಯೂ ಇರಬಹುದು. ಇಂಥ ಕೋರ್ ಬ್ರಾಂಚ್ ಓದುವ ಮನಸ್ಸಿದ್ದರೆ ಅನುದಾನಿತ ಕೋಡ್ ಮೇಲೆ, ಅನುದಾನರಹಿತ ಕೋಡ್ ಅದರ ಕೆಳಗೆ. ಕಾಮೆಡ್-ಕೆಯಲ್ಲಿ ಈ ಅವಕಾಶ ಇಲ್ಲ.

ಮೀಸಲಾತಿಯಲ್ಲೂ ಎರಡಕ್ಕೂ ಹೋಲಿಕೆಯೇ ಇಲ್ಲ. ಸಿಇಟಿಯಲ್ಲಿ ಜಾತಿ ಮೀಸಲಾತಿ, ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5, ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ. ಕಾಮೆಡ್-ಕೆಯಲ್ಲಿ ಜಾತಿ ಮೀಸಲಾತಿ ಇಲ್ಲ. ಆದರೆ ಸಿಇಟಿಯ ಈ ಸೌಲಭ್ಯಗಳು ಕಾಗದಪತ್ರ ಸರಿಯಿದ್ದರೆ ಮಾತ್ರ. ಜಾತಿ–ಆದಾಯ ಪತ್ರದ ಆರ್‌ಡಿ ಸಂಖ್ಯೆ ಹಾಕಿದಾಗ ಬರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದಬೇಕು. ಇನಿಷಿಯಲ್ ಹಿಂದೆಮುಂದಾಗಿದ್ದರೂ, ತಂದೆಯ ಹೆಸರಿನಲ್ಲಿ ಒಂದಕ್ಷರ ಬೇರೆಯಿದ್ದರೂ ಡಿಸೆಂಬರಿನಲ್ಲೇ ನಾಡಕಚೇರಿಗೆ ಹೋಗಿ ಸರಿಪಡಿಸಿ. ಮೇ ತಿಂಗಳಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪತ್ರಗಳಿಗೆ ಐದು ವರ್ಷದ ಅವಧಿ ಇದೆ, ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಕೌನ್ಸೆಲಿಂಗ್ ವೇಳೆಗೆ ಮುಗಿಯುವ ಹಂತದಲ್ಲಿರುತ್ತದೆ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಊರು ಹಳ್ಳಿಯೇ ಆಗಿದ್ದು ಹೈಸ್ಕೂಲ್ ಪುರಸಭೆ ವ್ಯಾಪ್ತಿಯಲ್ಲಿದ್ದರೆ ಕೋಟಾ ಸಿಗುವುದಿಲ್ಲ. ಶಾಲೆ ಬದಲಿಸಿದವರು ಪ್ರತಿಯೊಂದು ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಸಹಿ ಹಾಕಿಸಬೇಕು, ಈ ಓಡಾಟಕ್ಕೇ ಒಂದು ವಾರ ಬೇಕು.

ಆಪ್ಷನ್ ಎಂಟ್ರಿಯಲ್ಲಿ ಎಡವುವವರೇ ಹೆಚ್ಚು. ಸಿಇಟಿಯಲ್ಲಿ ಅಣಕು ಹಂಚಿಕೆ ಮೊದಲು ಬರುತ್ತದೆ, ನೋಡಿಕೊಂಡು ಪಟ್ಟಿ ತಿದ್ದಬಹುದು. ಅದರಲ್ಲಿ ಏನೂ ಸಿಗದವರು ಕೆಳಗೆ ಇನ್ನಷ್ಟು ಕಾಲೇಜು ಸೇರಿಸಬೇಕು, ಮೇಲಿನದನ್ನು ಅಳಿಸಬಾರದು. ಕೈಗೆಟುಕದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದರ ಅವಕಾಶ ಕಡಿಮೆಯಾಗುತ್ತದೆ ಎನ್ನುವುದು ಬರೀ ಗಾಳಿಮಾತು. ನಿಜವಾದ ಹಂಚಿಕೆ ಬಂದ ಮೇಲೆ ನಾಲ್ಕು ಆಯ್ಕೆ: ಒಂದನೆಯದು ಸೀಟು ಒಪ್ಪಿ ಸೇರುವುದು, ಎರಡನೆಯದು ಒಪ್ಪಿಕೊಂಡು ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಪಟ್ಟಿಯ 14ನೇ ಆಪ್ಷನ್ ಸಿಕ್ಕಿ ಎರಡನೇ ಆಯ್ಕೆ ಒತ್ತಿದಿರಿ ಎಂದುಕೊಳ್ಳಿ. ಮುಂದಿನ ಸುತ್ತಿನಲ್ಲಿ 1ರಿಂದ 13 ಮಾತ್ರ ಜೀವಂತ, 15ರ ಕೆಳಗಿನದೆಲ್ಲ ಹೋಯಿತು. 9ನೆಯದು ಸಿಕ್ಕರೆ 14ನೆಯದು ತಾನಾಗಿ ರದ್ದು, ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಕೇಳುವವರಿಲ್ಲ. ಆದ್ದರಿಂದ ಎರಡನೇ ಆಯ್ಕೆ ಒತ್ತುವ ಮುಂಚೆ ಮೇಲಿನ ಹದಿಮೂರೂ ಸಿಕ್ಕಿರುವುದಕ್ಕಿಂತ ನಿಜವಾಗಿ ಉತ್ತಮವೇ ಎಂದು ಒಂದೊಂದಾಗಿ ನೋಡಿ. ಕಾಮೆಡ್-ಕೆಯಲ್ಲೂ ಹೆಚ್ಚುಕಡಿಮೆ ಇದೇ ನಾಲ್ಕು ಆಯ್ಕೆ, ಬೇರೆ ಹೆಸರುಗಳಲ್ಲಿ.

ಜೆಇಇ ಬಗ್ಗೆ ಚಿಕ್ಕದಾಗಿ. ಸುರತ್ಕಲ್ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು. ಆದರೆ ಇಲ್ಲಿ ರಾಜ್ಯ ಎಂದರೆ ಹನ್ನೆರಡನೇ ತರಗತಿ ಪಾಸಾದ ರಾಜ್ಯ, ಹುಟ್ಟಿದ ಊರಲ್ಲ. ಮಗನನ್ನು ಹೈದರಾಬಾದ್‌ಗೋ ರಾಜಸ್ಥಾನದ ಕೋಟಾ ಊರಿಗೋ ಕಳಿಸಿ ಅಲ್ಲೇ ಹನ್ನೆರಡನೆಯದು ಮುಗಿಸಿದರೆ ಈ ಮೀಸಲು ಹೋಯಿತು. ನಮ್ಮ 2ಎ ಪತ್ರವೂ ಅಲ್ಲಿ ನಡೆಯುವುದಿಲ್ಲ, ಕೇಂದ್ರದ ನಮೂನೆಯ ಒಬಿಸಿ–ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪತ್ರ ಆ ವರ್ಷದ ಏಪ್ರಿಲ್ 1ರ ನಂತರದ್ದೇ ಬೇಕು. ಜನವರಿ ಸೆಷನ್‌ನ ಪರ್ಸೆಂಟೈಲ್ ಸುರತ್ಕಲ್‌ನ ಹಿಂದಿನ ವರ್ಷದ ಕಟ್‌ಆಫ್‌ನ ಹತ್ತಿರಕ್ಕೂ ಬಂದಿಲ್ಲವೆಂದರೆ ಏಪ್ರಿಲ್ ಸೆಷನ್‌ಗೆ ಪ್ರತ್ಯೇಕ ಓದು ಬೇಡ. ಸಿಇಟಿಯೂ ಏಪ್ರಿಲ್‌ನಲ್ಲೇ ಬರುತ್ತದೆ, ಆ ವಾರಗಳನ್ನು ಅಲ್ಲಿಗೆ ಕೊಡಿ.

ಜುಲೈ–ಆಗಸ್ಟ್‌ನಲ್ಲಿ ಎರಡೂ ಕೌನ್ಸೆಲಿಂಗ್ ಅಕ್ಕಪಕ್ಕ ನಡೆಯುತ್ತವೆ. ಕಾಮೆಡ್-ಕೆ ಸೀಟಿಗೆ ದುಡ್ಡು ಕಟ್ಟುವ ಕೊನೆಯ ದಿನ ಸಿಇಟಿ ಮುಂದಿನ ಸುತ್ತಿನ ಫಲಿತಾಂಶಕ್ಕಿಂತ ಮೊದಲೇ ಬಂದು ಮನೆಯವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಆಗ ನೋಡಬೇಕಾದ್ದು ಆ ವರ್ಷದ ಸೂಚನೆಯಲ್ಲಿ ಯಾವ ದಿನದೊಳಗೆ ಬಿಟ್ಟರೆ ಎಷ್ಟು ಹಣ ವಾಪಸ್ ಎಂಬ ಸಾಲನ್ನು, ಕಾಲೇಜಿನ ಜಾಹೀರಾತನ್ನಲ್ಲ. ಕೊನೆಯ ಸುತ್ತಿನಲ್ಲಿ ಸೀಟು ಬಿಟ್ಟರೆ ಹಣ ಬರುವ ಆಸೆ ಇಟ್ಟುಕೊಳ್ಳಬೇಡಿ. ಮೂಲ ಅಂಕಪಟ್ಟಿ, ಟಿಸಿ ಒಂದು ಕಾಲೇಜಿಗೆ ಕೊಟ್ಟ ಮೇಲೆ ಇನ್ನೊಂದು ಕಡೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಕೊಡುವ ಮುನ್ನ ಎಲ್ಲದರ ಸ್ಕ್ಯಾನ್, ಎರಡು ಸೆಟ್ ಜೆರಾಕ್ಸ್, ಜೊತೆಗೆ ಕಾಲೇಜಿನಿಂದ ಸ್ವೀಕೃತಿ ಪತ್ರ ತೆಗೆದುಕೊಳ್ಳಿ.