ವಿರಾಜಪೇಟೆಯಿಂದ ಬೆಂಗಳೂರಿಗೆ ಕಣ್ಣೂರಿನ ವಿಮಾನ: ಮಳೆಗಾಲದಲ್ಲಿ ಈ ದಾರಿ ಹಿಡಿಯಬೇಡಿ

ಕಳೆದ ಜುಲೈನಲ್ಲಿ ಅವ್ವನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ಯಲು ಕೇರಳದ ಕಣ್ಣೂರಿನಿಂದ ವಿಮಾನದ ಟಿಕೆಟ್ ಮಾಡಿಸಿದ್ದೆ. ನಾವು ಬೆಂಗಳೂರನ್ನು ತಲುಪಲೇ ಇಲ್ಲ. ಎರಡು ಹಗಲು, ಒಂದು ರಾತ್ರಿ ಮತ್ತು ಹದಿನಾರು ಸಾವಿರ ರೂಪಾಯಿ ಕಳೆದುಕೊಂಡು, ಹೊರಟ ಮನೆಗೇ ಮರಳಿ ಬಂದೆವು. ಅವ್ವನ ನೋವು ಹೋಗುವಾಗ ಇದ್ದುದಕ್ಕಿಂತ ಹೆಚ್ಚಾಗಿತ್ತು. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಹಲವರು ವಯಸ್ಸಾದವರನ್ನು ಇದೇ ರೀತಿ ಕರೆದೊಯ್ಯುವ ಯೋಚನೆಯಲ್ಲಿದ್ದಾರೆಂದು ಈಚೆಗೆ ಎರಡು ಮದುವೆ ಮನೆಗಳಲ್ಲಿ ಕೇಳಿದ ಮೇಲೆ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಬೇಕೆನಿಸಿತು.

ನಾವು ಈ ದಾರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿರಾಜಪೇಟೆಯಿಂದ ಹುಣಸೂರು, ಮೈಸೂರು ಮೂಲಕ ಬೆಂಗಳೂರಿಗೆ ಸುಮಾರು 240 ಕಿ.ಮೀ.; ಒಳ್ಳೆಯ ದಿನದಲ್ಲಿ ಆರು ಗಂಟೆ, ಮಳೆಯಲ್ಲಿ ಏಳು. ಅವ್ವನಿಗೆ 74 ವರ್ಷ. ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿನಿಂದಾಗಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಲು ಅವರಿಂದಾಗುತ್ತಿರಲಿಲ್ಲ. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದಂದಿನಿಂದ ಗಲ್ಫ್‌ಗೆ ಹೋಗುವ ನಮ್ಮ ಕಡೆಯವರು ಅಲ್ಲಿಂದಲೇ ಹೊರಡುತ್ತಾರೆ. ಹಾಗಾಗಿ ನಮ್ಮ ಭಾವ, "ಗುಡ್ಡ ಇಳಿದರೆ ಏರ್‌ಪೋರ್ಟ್, ಅಲ್ಲಿಂದ ಒಂದು ಗಂಟೆಗೆ ಬೆಂಗಳೂರು, ಅವ್ವನನ್ನು ಯಾಕೆ ಕಾರಿನಲ್ಲಿ ಕುಲುಕಿಸುತ್ತೀರಿ?" ಎಂದಾಗ ಅದು ನನಗೆ ಸರಿಯೆಂದೇ ತೋರಿತು. ಅವರು ಹೇಳಿದ್ದು ಅಕ್ಕರೆಯಿಂದಲೇ. ಅವರ ಮೇಲೆ ನನಗೆ ಬೇಸರವಿಲ್ಲ. ಮನೆ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿನವರೆಗಿನ ಲೆಕ್ಕವನ್ನು ಹಾಕದೆ ಹೋದದ್ದು ನನ್ನ ತಪ್ಪು.

ಆ ಲೆಕ್ಕವನ್ನು ಈಗ ಹಾಕುತ್ತೇನೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾಟಿ ಮಟ್ಟನ್ನೂರಿಗೆ ಸುಮಾರು 60 ಕಿ.ಮೀ. ಮಳೆಗಾಲದ ಘಾಟಿಯಲ್ಲಿ ಇದಕ್ಕೆ ಎರಡು ಗಂಟೆಯಾದರೂ ಬೇಕು, ಎರಡೂವರೆ ಹಿಡಿದುಕೊಳ್ಳುವುದು ಕ್ಷೇಮ. ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಚೆಕ್‌-ಇನ್ ಕೌಂಟರ್ ಮುಚ್ಚುವುದರಿಂದ, ವಯಸ್ಸಾದವರಿದ್ದರೆ ಎರಡು ಗಂಟೆ ಮೊದಲು ಅಲ್ಲಿರಬೇಕಾಗುತ್ತದೆ. ಆಕಾಶದಲ್ಲಿ ಒಂದು ಗಂಟೆ. ಇಳಿಯುವುದು ದೇವನಹಳ್ಳಿಯಲ್ಲಿ, ಲಗೇಜು ಬರುವುದಕ್ಕೆ ಅರ್ಧ ಗಂಟೆ, ಅಲ್ಲಿಂದ ನಗರದ ದಕ್ಷಿಣ ಭಾಗದಲ್ಲಿದ್ದ ನಮ್ಮ ಆಸ್ಪತ್ರೆಗೆ ಮತ್ತೆ ಎರಡು ಗಂಟೆ. ಎಲ್ಲವೂ ಸುಸೂತ್ರವಾಗಿ ನಡೆದರೂ ಎಂಟು ಗಂಟೆ. ಕಾರಿನಲ್ಲಿ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಒಂದು ಗಂಟೆ ಹೆಚ್ಚು! ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮನೆಯಿಂದ ಕಾರಿಗೆ, ಕಾರಿನಿಂದ ವೀಲ್‌ಚೇರಿಗೆ, ತಪಾಸಣೆಯಲ್ಲಿ ಮೇಲೆದ್ದು ಮತ್ತೆ ವೀಲ್‌ಚೇರಿಗೆ, ಅಲ್ಲಿಂದ ವಿಮಾನದ ಮೆಟ್ಟಿಲಿಗೆ, ಸೀಟಿಗೆ, ಪುನಃ ಮೆಟ್ಟಿಲಿಗೆ, ಪುನಃ ಕಾರಿಗೆ ಎಂದು ಸೊಂಟದ ನೋವಿನವರು ಎಷ್ಟು ಸಲ ಎದ್ದು ಕೂರಬೇಕಾಗುತ್ತದೆ ಎಂಬುದು ಆ ಲೆಕ್ಕ. ಕಾರಿನಲ್ಲಾದರೆ ನಮಗೆ ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಬಹುದು.

ಹೊರಟದ್ದು ಮಳೆ ಜೋರಾಗಿರುವ ಕಕ್ಕಡ ತಿಂಗಳ ಒಂದು ಭಾನುವಾರ. ವಿಮಾನ ಮಧ್ಯಾಹ್ನ 1.20ಕ್ಕೆ; ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೈದ್ಯರ ಭೇಟಿ. ನಾವು ಬೆಳಿಗ್ಗೆ ಏಳೂವರೆಗೇ ಮನೆ ಬಿಟ್ಟಿದ್ದೆವು. ಮಾಕುಟ್ಟ ರಸ್ತೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಹೊಳೆ, ಎರಡೂ ಕಡೆ ಕಾಡು. 2018ರ ಜೂನ್‌ನ ಮಳೆಗೆ ಇದೇ ರಸ್ತೆಯಲ್ಲಿ ಗುಡ್ಡ ಜರಿದು, ರಸ್ತೆಯ ಅಂಚೇ ಕೊಚ್ಚಿಹೋಗಿ, ಸಂಚಾರ ನಿಂತುಹೋಗಿತ್ತು. ನಮಗೆ ಅಡ್ಡವಾದದ್ದು ಗುಡ್ಡವಲ್ಲ, ಬಿದ್ದ ಮರ. ಪೆರುಂಬಾಡಿ ದಾಟಿ ಅರ್ಧ ಗಂಟೆಯಾಗುವಷ್ಟರಲ್ಲಿ ಸಾಲಾಗಿ ನಿಂತ ಲಾರಿ, ಬಸ್ಸುಗಳ ಹಿಂದೆ ನಾವೂ ನಿಂತೆವು. ಮರ ಕೊಯ್ದು ದಾರಿ ಬಿಡಿಸುವುದಕ್ಕೆ ಎರಡು ಗಂಟೆ ಹತ್ತು ನಿಮಿಷವಾಯಿತು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಾರಣ ಯಾರಿಗೂ ಫೋನ್ ಮಾಡಲಾಗಲಿಲ್ಲ. ಗೋಣಿಕೊಪ್ಪ, ಕುಟ್ಟ, ಮಾನಂದವಾಡಿಯಿಂದ ಸುತ್ತಿ ಬರೋಣವೆಂದರೆ ಅಲ್ಲಿಯೂ ಇಳಿಯಬೇಕಾದದ್ದು ಘಾಟಿಯನ್ನೇ, ಮೇಲಾಗಿ ಅಷ್ಟು ಹೊತ್ತು ಉಳಿದಿರಲಿಲ್ಲ. ಅವ್ವ ಒಂದು ಮಾತನ್ನೂ ಆಡದೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು.

ಕೌಂಟರ್ ಮುಚ್ಚುವುದಕ್ಕೆ ಹತ್ತು ನಿಮಿಷವಿರುವಾಗ ನಾವು ನಿಲ್ದಾಣದೊಳಗೆ ಓಡಿದೆವು. ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ ನೋಡಿ, "ಈ ವಿಮಾನದ ಸಮಯ ಬದಲಾಗಿದೆ, ಸಂಜೆ 6.10ಕ್ಕೆ ಹೊರಡುತ್ತದೆ. ನಿನ್ನೆ ರಾತ್ರಿಯೇ ನಿಮಗೆ ಮೆಸೇಜ್ ಕಳುಹಿಸಿದ್ದೇವೆ" ಎಂದಳು. ನನ್ನ ಫೋನಿಗೆ ಯಾವ ಮೆಸೇಜೂ ಬಂದಿರಲಿಲ್ಲ. ಶನಿವಾರ ಇಡೀ ದಿನ ನಮ್ಮಲ್ಲಿ ಕರೆಂಟ್ ಇಲ್ಲದೆ ಟವರ್ ನಿಂತಿದ್ದರಿಂದ, ಅದೇ ಕಾರಣವಿರಬೇಕು ಎಂದುಕೊಂಡೆ. ಆದರೆ ಪರದೆಯ ಮೇಲೆ ಅವಳು ತೋರಿಸಿದ ನಂಬರು ನನ್ನದಾಗಿರಲಿಲ್ಲ. ಅದು ನಮಗೆ ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ ಏಜೆಂಟರದ್ದಾಗಿತ್ತು. ಮೆಸೇಜ್ ಅವರ ಫೋನಿಗೆ ಶನಿವಾರ ರಾತ್ರಿ ಒಂಬತ್ತಕ್ಕೆ ಬಂದಿದೆ. ಅಂಗಡಿ ಮುಚ್ಚಿ ಮನೆಗೆ ಹೋಗಿದ್ದ ಅವರು ಅದನ್ನು ನೋಡಿದ್ದು ನಾನು ಭಾನುವಾರ ಮಧ್ಯಾಹ್ನ ಫೋನ್ ಮಾಡಿದ ಮೇಲೆ. "ಎಲ್ಲರದ್ದೂ ನನ್ನ ನಂಬರಿನಲ್ಲೇ ಮಾಡುವುದು ಅಣ್ಣ, ಓಟಿಪಿ ಬರಲು ಸುಲಭವಾಗುತ್ತದೆ" ಎಂದರು.

ಈ ಇಡೀ ಬರಹದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಶನಿವಾರ ರಾತ್ರಿ ಆ ಸಮಯ ಬದಲಾವಣೆಯ ಸುದ್ದಿ ನನಗೆ ಮುಟ್ಟಿದ್ದರೆ ಟಿಕೆಟ್ ರದ್ದು ಮಾಡಿ, ಭಾನುವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಮೈಸೂರಿನ ಕಡೆಗೆ ತಿರುಗಿ, ಕತ್ತಲಾಗುವ ಮೊದಲು ಬೆಂಗಳೂರಿನಲ್ಲಿರುತ್ತಿದ್ದೆವು. ಇಷ್ಟೇ ಅಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಟಿಕೆಟ್ ಮಾಡಿಸುವಾಗ ಪ್ರಯಾಣಿಕರು ತಮ್ಮ ಸರಿಯಾದ ಸಂಪರ್ಕ ವಿವರವನ್ನು ಕೊಡದೆ ಇದ್ದರೆ, ವಿಮಾನ ರದ್ದಾದಾಗ ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಏಜೆಂಟರ ಬಳಿ ಮಾಡಿಸಿದ ಎಷ್ಟು ಟಿಕೆಟುಗಳಲ್ಲಿ ಪ್ರಯಾಣಿಕರದೇ ನಂಬರು ಇರಬಹುದೆಂದು ಯೋಚಿಸಿದರೆ ಇಂದಿಗೂ ಕಳವಳವಾಗುತ್ತದೆ.

ಆ ಹೊತ್ತಿನಲ್ಲಿ ಹಿಂದಿರುಗಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಲು ಅವ್ವನಿಂದ ಸಾಧ್ಯವಿರಲಿಲ್ಲವಾದ್ದರಿಂದ ಸಂಜೆಯವರೆಗೆ ಕಾಯುವುದೆಂದು ನಿರ್ಧರಿಸಿದೆವು. ನಿಲ್ದಾಣ ಅಚ್ಚುಕಟ್ಟಾಗಿತ್ತು, ಅಲ್ಲಿನ ಕೆಲಸಗಾರರು ದಯೆಯಿಂದ ನಡೆದುಕೊಂಡರು, ಅದನ್ನು ಹೇಳಲೇಬೇಕು. ಆದರೆ ವೀಲ್‌ಚೇರ್ ಬೇಕೆಂಬ ಮಾತು ನಮ್ಮ ಟಿಕೆಟಿನಲ್ಲಿ ದಾಖಲಾಗಿರಲಿಲ್ಲ. ಅದನ್ನು ಕನಿಷ್ಠ 48 ಗಂಟೆ ಮುಂಚಿತವಾಗಿ ತಿಳಿಸಬೇಕು. ವಿಮಾನದ ಮೆಟ್ಟಿಲು ಹತ್ತಬಲ್ಲರೇ, ಇಲ್ಲವೇ ಎಂಬುದನ್ನೂ ಅದರಲ್ಲಿ ಹೇಳಬೇಕು. ಇಂಥ ಸಣ್ಣ ಮಾರ್ಗಗಳಲ್ಲಿ ಓಡುವುದು ಹೆಚ್ಚಾಗಿ ಎಪ್ಪತ್ತೆಂಬತ್ತು ಸೀಟುಗಳ ಎಟಿಆರ್ ವಿಮಾನ. ಅದಕ್ಕೆ ದೊಡ್ಡ ವಿಮಾನಗಳಂತೆ ಕಟ್ಟಡದಿಂದ ನೇರವಾಗಿ ಒಳಹೋಗುವ ಸೇತುವೆ ಜೋಡಿಸುವುದಿಲ್ಲ, ಹೊರಗೆ ಇಳಿದು ಹೋಗಿ ಹತ್ತಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಕಾದು ಕೇಳಿ ಒಂದು ವೀಲ್‌ಚೇರ್ ದೊರಕಿಸಿಕೊಂಡೆವು. ತಪಾಸಣೆಯಲ್ಲಿ ಅವ್ವನ ಎಲೆಯಡಿಕೆ ಚೀಲದಲ್ಲಿದ್ದ ಅಡಕೆ ಕತ್ತರಿಯನ್ನು ತೆಗೆದಿಟ್ಟುಕೊಂಡರು. ಅದು ನಮ್ಮ ಅಜ್ಜಿಯ ಕಾಲದ್ದು. ದೊಡ್ಡ ಪೆಟ್ಟಿಗೆ ಅಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದರಿಂದ ಅದರಲ್ಲಿ ಹಾಕಿಸುವುದಕ್ಕೂ ಆಗಲಿಲ್ಲ. ಕತ್ತಿ, ಕತ್ತರಿಗಳು ಕೈಚೀಲದಲ್ಲಿ ಇರಕೂಡದೆಂಬುದು ನಿಯಮ, ಅದರಲ್ಲಿ ತಪ್ಪಿಲ್ಲ. ಹೊರಡುವ ಮುನ್ನ ಆ ಚೀಲವನ್ನು ನಾನು ನೋಡಬೇಕಿತ್ತು. ಕೋವಿ ಇರುವ ಮನೆಯವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ತೋಟಕ್ಕೆ ಒಯ್ಯುವ ಹಳೆಯ ಚೀಲವನ್ನೇ ಪ್ರಯಾಣಕ್ಕೂ ತಂದು, ಅದರ ಮೂಲೆಯಲ್ಲಿ ಕೋವಿಯ ಒಂದು ತೋಟಾ ಉಳಿದಿದ್ದರೆ, ಅಲ್ಲಿಂದ ಮುಂದೆ ಹೋಗಬೇಕಾಗುವುದು ಪೊಲೀಸ್ ಠಾಣೆಗೆ.

ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಊಟ ತಿಂಡಿಯನ್ನು ಕಂಪನಿಯೇ ಕೊಡಬೇಕು. ನಮಗೆ ಅದು ಸಿಕ್ಕಿದ್ದು ಮೂರು ಸಲ ಕೇಳಿದ ಮೇಲೆ. 6.10 ಎಂಬುದು 7.30 ಆಯಿತು. ಎಂಟೂಕಾಲಿಗೆ, ಹವಾಮಾನದ ಕಾರಣ ವಿಮಾನ ರದ್ದಾಗಿದೆ ಎಂದು ಘೋಷಿಸಿದರು. ಹೊರಗೆ ಮಳೆ ಸುರಿಯುತ್ತಿತ್ತು, ಮೋಡ ನೆಲಕ್ಕೇ ಇಳಿದಂತಿತ್ತು. ಅಂಥ ಮಳೆಯಲ್ಲಿ ವಿಮಾನ ಹಾರಿಸಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ಸಣ್ಣ ಮಾರ್ಗದಲ್ಲಿ ವಿಮಾನಗಳೇ ಕಡಿಮೆ ಇರುವುದರಿಂದ ಒಂದು ರದ್ದಾದರೆ ಮುಂದಿನದು ಮಾರನೆಯ ದಿನಕ್ಕೆ ಹೋಗುತ್ತದೆ. ನಮಗೆ ಸಿಕ್ಕ ಆಯ್ಕೆಯೂ ಅದೇ: ಸೋಮವಾರ ಮಧ್ಯಾಹ್ನದ ಸೀಟು, ಇಲ್ಲವೇ ಹಣ ವಾಪಸು. ಬೆಳಿಗ್ಗೆ ಹತ್ತರ ವೈದ್ಯರ ಭೇಟಿ ಕೈತಪ್ಪಿದ ಮೇಲೆ ಮಧ್ಯಾಹ್ನದ ಸೀಟಿನಿಂದ ಪ್ರಯೋಜನವಿರಲಿಲ್ಲ. ರಾತ್ರಿ ಆ ಘಾಟಿಯನ್ನು ಹತ್ತಲು ನಮ್ಮ ಡ್ರೈವರ್ ಒಪ್ಪಲಿಲ್ಲ, ಒಪ್ಪದೆ ಇದ್ದದ್ದೇ ಒಳ್ಳೆಯದಾಯಿತು. ಮಟ್ಟನ್ನೂರಿನ ಲಾಡ್ಜೊಂದರ ಎರಡನೆಯ ಮಹಡಿಗೆ, ಲಿಫ್ಟ್ ಇಲ್ಲದ ಕಡೆ, ನಾನೂ ಡ್ರೈವರೂ ಸೇರಿ ಅವ್ವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದೆವು. ಆ ರಾತ್ರಿ ಅವರು ಮಲಗಲಿಲ್ಲ. ಬೆಳಿಗ್ಗೆ, "ಮನೆಗೆ ಹೋಗೋಣ" ಎಂದಷ್ಟೇ ಹೇಳಿದರು.

ಹಣದ ವಿಚಾರವನ್ನು ಹೇಳಿ ಮುಗಿಸುತ್ತೇನೆ. ವಿಮಾನ ರದ್ದಾಗುವ ಸುದ್ದಿಯನ್ನು 24 ಗಂಟೆ ಮೊದಲೇ ತಿಳಿಸದಿದ್ದರೆ, ಟಿಕೆಟಿನ ಹಣವಲ್ಲದೆ ಪರಿಹಾರವೂ ಸಿಗಬೇಕೆಂಬುದು ನಿಯಮ. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ, ಅಥವಾ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ಆದರೆ ಹವಾಮಾನದಂತಹ, ಕಂಪನಿಯ ಕೈಮೀರಿದ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ನಮ್ಮ ಮಳೆಗಾಲದಲ್ಲಿ ವಿಮಾನ ಯಾವ ಕಾರಣಕ್ಕೆ ರದ್ದಾಗುವ ಸಾಧ್ಯತೆ ಹೆಚ್ಚೋ, ಅದೇ ಕಾರಣಕ್ಕೆ ಪರಿಹಾರವಿಲ್ಲ. ಟಿಕೆಟಿನ ಹಣಕ್ಕಾಗಿಯೂ ಏಳು ವಾರ ಅಲೆದೆ. ಏಜೆಂಟರು ಕಂಪನಿಯನ್ನು ತೋರಿಸಿದರು, ಕಂಪನಿ ಏಜೆಂಟರನ್ನು ತೋರಿಸಿತು. ಏಜೆಂಟರ ಮೂಲಕ ಕೊಂಡ ಟಿಕೆಟಿನ ಹಣವನ್ನು ಹಿಂದಿರುಗಿಸುವ ಹೊಣೆಯೂ ವಿಮಾನ ಕಂಪನಿಯದೇ ಎಂದು ನಿಯಮವೇ ಹೇಳುತ್ತದೆ. ಅದನ್ನು ತಿಳಿದುಕೊಂಡು, ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿದ ಮೇಲೆ ಹಣ ಬಂತು. ಕಾರಿನ ಬಾಡಿಗೆ, ಲಾಡ್ಜು, ಏಜೆಂಟರ ಕಮಿಷನ್ ಎಲ್ಲವೂ ಹೋದದ್ದೇ.

ಕಣ್ಣೂರಿನಿಂದ ಎಲ್ಲಿಗೂ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ದೂರದ ಊರುಗಳಿಗೆ ಹೋಗುವವರಿಗೆ ಅದು ನಿಜಕ್ಕೂ ಉಪಕಾರಿ. ಅಂಥವರು ಮಳೆಗಾಲದಲ್ಲಿ ಹಿಂದಿನ ದಿನವೇ ಘಾಟಿ ಇಳಿದು ಮಟ್ಟನ್ನೂರಿನಲ್ಲೋ ಇರಿಟ್ಟಿಯಲ್ಲೋ ತಂಗಿದರೆ ಸಾಕು. ಮಡಿಕೇರಿ ಕಡೆಯವರು ಮಂಗಳೂರಿನ ವಿಮಾನ ಹಿಡಿಯುವುದಾದರೂ ಇದೇ ಮಾತು, ಏಕೆಂದರೆ ನಡುವೆ ಸಂಪಾಜೆ ಘಾಟಿಯಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಏನಾಯಿತೆಂಬುದನ್ನು ನಮ್ಮವರಾರೂ ಮರೆತಿಲ್ಲ. ಆದರೆ ಬೆಂಗಳೂರಿಗೆ, ಅದರಲ್ಲೂ ರೋಗಿಯನ್ನು ಕರೆದುಕೊಂಡು, ಗೊತ್ತಾದ ಹೊತ್ತಿಗೆ ತಲುಪಲೇಬೇಕಾದಾಗ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಕ್ಕೆ ಘಾಟಿ ಇಳಿದು ಪೂರ್ವಕ್ಕೆ ಹಾರುವ ಈ ದಾರಿ ಬೇಡ.

ವೈದ್ಯರ ಭೇಟಿ ಮತ್ತೆ ದೊರಕಿದ್ದು ಇಪ್ಪತ್ತೆರಡು ದಿನಗಳ ನಂತರ. ಆ ಸಲ ಕಾರಿನಲ್ಲೇ ಹೋದೆವು. ಹಿಂದಿನ ಸೀಟಿಗೆ ಹಾಸಿಗೆ ಹಾಸಿ, ತಿತಿಮತಿಯ ಕಾಡು ದಾಟಿದ ಮೇಲೆ ಒಮ್ಮೆ, ಹುಣಸೂರಿನಲ್ಲಿ ಒಮ್ಮೆ ನಿಲ್ಲಿಸಿ, ಅವ್ವನನ್ನು ಹತ್ತು ಹೆಜ್ಜೆ ನಡೆಸಿದೆವು. ರಾತ್ರಿ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆ ಹೊರಟು ಹೊಸ ಹೆದ್ದಾರಿಯಲ್ಲಿ ಒಂಬತ್ತೂವರೆಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ನೋವು ಇತ್ತು, ಆದರೆ ತಡೆದುಕೊಳ್ಳುವಷ್ಟಿತ್ತು ಎಂದು ಅವ್ವನೇ ವೈದ್ಯರಿಗೆ ಹೇಳಿದರು.

ಈ ಮಳೆಗಾಲಕ್ಕೆ ಈಗಾಗಲೇ ಏಜೆಂಟರ ಬಳಿ ಟಿಕೆಟ್ ಮಾಡಿಸಿಟ್ಟಿರುವವರು ದಯವಿಟ್ಟು ಇವತ್ತೇ ಟಿಕೆಟಿನ ಮೇಲಿರುವ ಪಿಎನ್‌ಆರ್ (ಬುಕಿಂಗ್) ನಂಬರನ್ನು ತೆಗೆದುಕೊಂಡು ವಿಮಾನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಅದರಲ್ಲಿ ಯಾರ ಮೊಬೈಲ್ ನಂಬರಿದೆ ಎಂದು ಕೇಳಿ. ನಿಮ್ಮದಿಲ್ಲವಾದರೆ ಬದಲಾಯಿಸಿ. ಮನೆಯಲ್ಲಿ ಕರೆಂಟ್ ಹೋದರೆ ಸಿಗ್ನಲ್ ಇರುವುದಿಲ್ಲ ಎನ್ನುವವರು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗನ, ಮಗಳ ಇಮೇಲ್ ವಿಳಾಸವನ್ನೂ ಅದರ ಜೊತೆಗೆ ಸೇರಿಸಿ.